ಹಿಂದಿನ ಸಾಲಿನ ಬಾವ

ಆಗ್ಲಿಕ್ಕಿಲ್ಲ ಎಂದು ಮೊದಲು ಹೇಳಿದವರು ಬಾವನ ಸ್ವಂತ ಅಣ್ಣ. ಬಹ್ರೈನಿನ ಹೂರಾದ ಒಂದು ಓಣಿಯಲ್ಲಿ ಲಾಂಡ್ರಿ ನಡೆಸುವ ಆ ಅಣ್ಣನ ಬಾಯಿ ಅವರ ಇಸ್ತ್ರಿಪೆಟ್ಟಿಗೆಗಿಂತ ಬಿಸಿ. "ನಲ್ವತ್ತು ಹತ್ತಿರ ಬಂತು, ಇವನಿಗೆ ಈಗ ಕಾಲೇಜು! ನಮ್ಮ ಮನೆಯಲ್ಲಿ ಪಾಸಾದವರು ಯಾರುಂಟು ಮಾರಾಯ? ಡಿಗ್ರಿಯಂತೆ ಡಿಗ್ರಿ. ಆಗ್ಲಿಕ್ಕಿಲ್ಲ." ಎದುರಿಗೆ ಬಟ್ಟೆ ಕೊಡಲು ನಿಂತವನು ಪಾಕಿಸ್ತಾನಿಯಾಗಿರಲಿ, ಫಿಲಿಪೀನಿಯಾಗಿರಲಿ, ಇದನ್ನು ಕೇಳಿಸಿಕೊಳ್ಳದೆ ಅವನಿಗೆ ಅಂಗಿ ವಾಪಸ್ ಸಿಗುತ್ತಿರಲಿಲ್ಲ.

ಎರಡನೆಯವರು ನಮ್ಮ ಸಂಜೆ ಕಾಲೇಜಿನ ಕ್ರೀಡಾ ವಿಭಾಗದ ಸರ್. ಅವರು ಹೇಳಿದ್ದು ಫುಟ್‌ಬಾಲ್ ತಂಡದ ಬಗ್ಗೆ. "ಶಿಫ್ಟ್ ಕೆಲಸದವರನ್ನು ಕಟ್ಟಿಕೊಂಡು ಟೀಮಾ? ಶುಕ್ರವಾರ ಮ್ಯಾಚ್ ಅಂದರೆ ಅರ್ಧ ಜನ ಡ್ಯೂಟಿಯಲ್ಲಿರುತ್ತೀರಿ. ಗೋಲಿನ ಮುಂದೆ ಯಾರು ನಿಲ್ಲುತ್ತಾರೆ, ನಾನಾ?"

ಇಬ್ಬರ ಮಾತಿಗೂ ಬಾವ ಒಂದೇ ರೀತಿ ನಕ್ಕರು. ಹಲ್ಲು ಕಾಣದ ನಗು, ಮೀಸೆ ಮಾತ್ರ ಅಗಲವಾಗುವುದು.

ನಾವು ಅವರನ್ನು ಬಾವ ಎಂದೇ ಕರೆಯುತ್ತಿದ್ದೆವು. ಅವರ ಹೆಂಡತಿಯ ಊರಿನ ಹುಡುಗನೊಬ್ಬ ನಮ್ಮ ಕಾಲೇಜಿನಲ್ಲಿದ್ದ, ಅವನು ಹಾಗೆ ಕರೆದ, ಆಮೇಲೆ ಎಲ್ಲರಿಗೂ ಬಾವನೇ. ಮಲಯಾಳಿ ಶಿಬು 'ಬಾವ' ಅಂದ, ಪೇಶಾವರದ ಇರ್ಫಾನ್ 'ಬಾವಾ ಭಾಯ್' ಅಂದ. ಊರು ಕಾಪು ಕಡೆ. ಕೆಲಸ ಸಿತ್ರಾದ ಒಂದು ಕಾರ್ಖಾನೆಯಲ್ಲಿ, ಶಿಫ್ಟ್ ಆಪರೇಟರ್. ಪಿಯುಸಿ ಮುಗಿಸಿ ಬಹ್ರೈನಿಗೆ ಬಂದವರು, ಇಲ್ಲೇ ಕೂದಲು ಉದುರಿಸಿಕೊಂಡವರು. ಈಗ ಅವರಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಕೊನೆಯವರೆಗೆ ಹಿಡಿದುಕೊಂಡಿರಲು ನನ್ನಿಂದ ಆಗುವುದಿಲ್ಲ.

ಅವರಿಗೆ ಡಿಗ್ರಿ ಬೇಕಾದದ್ದು ಗೋಡೆಗೆ ತೂಗುಹಾಕಲು ಅಲ್ಲ. ಅವರ ಕಂಪನಿಯಲ್ಲಿ ಆಪರೇಟರ್ ಸೂಪರ್‌ವೈಸರ್ ಆಗಬೇಕಾದರೆ ಪದವಿ ಬೇಕು. ಸೂಪರ್‌ವೈಸರ್ ಆದರೆ ಸಂಬಳ ಏರುತ್ತದೆ, ಸಂಬಳ ಆ ಮಟ್ಟಕ್ಕೆ ಏರಿದರೆ ಮಾತ್ರ ಹೆಂಡತಿ ಮಕ್ಕಳಿಗೆ ಫ್ಯಾಮಿಲಿ ವೀಸಾ. ಅವರಿಗೊಬ್ಬಳು ಮಗಳು, ಆರನೇ ಕ್ಲಾಸು. ಆ ಹುಡುಗಿ ಹುಟ್ಟಿದಾಗ ಬಾವ ಸಿತ್ರಾದಲ್ಲಿ, ನಡೆಯಲು ಕಲಿತಾಗ ಸಿತ್ರಾದಲ್ಲಿ, ಶಾಲೆಗೆ ಸೇರಿದಾಗಲೂ ಸಿತ್ರಾದಲ್ಲಿ. "ನಾನು ಅವಳಿಗೆ ಫೋನಿನೊಳಗಿನ ಮನುಷ್ಯ ಮಾರಾಯ. ಒಮ್ಮೆ ಸ್ಕೂಲ್ ಬಸ್ಸಿಗೆ ಹತ್ತಿಸ್ಲಿಕ್ಕೆ ಉಂಟು ನನಗೆ. ಕೈ ಹಿಡಿದು. ಅಷ್ಟೇ" ಎಂದಿದ್ದರು. ಡಿಗ್ರಿ ಯಾಕೆ ಬಾವ ಎಂದು ನಾನು ಕೇಳಿದ್ದಕ್ಕೆ ಅವರು ಕೊಟ್ಟ ಪೂರ್ತಿ ಉತ್ತರ ಅದು.

ನನ್ನದು ಬೇರೆ. ಅಮ್ಮ ಬೀಡಿ ಕಟ್ಟಿದವಳು, ಅಪ್ಪ ಮುಂಬೈಯಲ್ಲಿ ಹೋಟೆಲಿನ ತಟ್ಟೆ ತೊಳೆದವರು. ನಮ್ಮ ಕಡೆ, ತಾಯಿಯ ಕಡೆ, ಎಲ್ಲಿ ಹುಡುಕಿದರೂ ಡಿಗ್ರಿ ಮಾಡಿದವನು ನಾನೊಬ್ಬನೇ. ಸಲ್ಮಾಬಾದಿನ ಗೋದಾಮಿನಲ್ಲಿ ಹಗಲಿಡೀ ಡಬ್ಬ ಎತ್ತಿ, ಮೈಗೆ ಅಂಟಿದ ರಟ್ಟಿನ ಧೂಳಿನಲ್ಲೇ ಕ್ಲಾಸಿನಲ್ಲಿ ಕೂತು ಸಂಪಾದಿಸಿದ್ದು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ನಾಚಿಕೆ ಯಾಕೆ? ಆದರೆ ಆ ಡಿಗ್ರಿಯನ್ನು ನೆನೆದಾಗಲೆಲ್ಲ ನನಗೆ ಪುಸ್ತಕ ನೆನಪಾಗುವುದಿಲ್ಲ, ಸಿತ್ರಾದ ಹತ್ತಿರದ ಒಂದು ಮರಳಿನ ಮೈದಾನ, ಅದರಲ್ಲಿ ಹಿಂದು ಹಿಂದಕ್ಕೆ ನಡೆಯುವ ಒಬ್ಬ ಗಿಡ್ಡ ಮನುಷ್ಯ ನೆನಪಾಗುತ್ತಾರೆ.

ಹಿಂದಕ್ಕೆ ನಡೆಯುವುದು ಬಾವನ ಅಭ್ಯಾಸ. ಗೋಲಿನ ಮುಂದೆ ನಿಲ್ಲುವ ನಾಲ್ವರಲ್ಲಿ ಅವರು ನಡುವಿನವರು, ಸ್ಟಾಪರ್. ಚೆಂಡಿನ ಮೇಲೆ ಕಣ್ಣಿಟ್ಟು ಹಿಂದೆ ಸರಿಯುವುದೇ ಅವರ ಕೆಲಸ. ಅದು ಎಷ್ಟು ಮೈಗೆ ಹತ್ತಿತ್ತೆಂದರೆ ಹೂರಾದ ಬೀದಿಯಲ್ಲೂ ನಮ್ಮ ಮುಖ ನೋಡುತ್ತ ಹಿಂದಕ್ಕೇ ನಡೆಯುತ್ತಿದ್ದರು. ಒಮ್ಮೆ ಕರಕ್ ಚಹಾ ಹಿಡಿದು ಬರುತ್ತಿದ್ದ ಒಬ್ಬ ಬಹ್ರೈನಿ ಹಿರಿಯರಿಗೆ ಹಾಗೆಯೇ ಗುದ್ದಿದರು. ಅವರ ಉದ್ದನೆಯ ಬಿಳಿ ನಿಲುವಂಗಿ, ತೋಬಿನ ಮೇಲೆಲ್ಲ ಚಹಾ. ಬಾವ "ಸಾರಿ ಹಬೀಬಿ, ಸಾರಿ" ಎಂದು ಅವರ ಕೈಹಿಡಿದು ನೇರ ಅಣ್ಣನ ಲಾಂಡ್ರಿಗೆ ಕರೆದುಕೊಂಡು ಹೋದರು. ಅಣ್ಣ ಆ ತೋಬು ಒಗೆದು ಇಸ್ತ್ರಿ ಮಾಡಿಕೊಡುವವರೆಗೂ ಹಿರಿಯರು ಒಂದು ಟವೆಲ್ ಸುತ್ತಿಕೊಂಡು ಕೂತು ಬಾವನ ಜೊತೆ ಫುಟ್‌ಬಾಲ್ ಮಾತಾಡಿದರು. ಆಮೇಲೆ ಅವರು ನಮ್ಮ ಪ್ರತಿ ಮ್ಯಾಚಿಗೂ ಬರತೊಡಗಿದರು. ಬಂದು ಎದುರು ತಂಡಕ್ಕೆ ಚಪ್ಪಾಳೆ ಹೊಡೆಯುತ್ತಿದ್ದರು, ಅದು ಬೇರೆ.

ನಾನು ತಂಡಕ್ಕೆ ಸೇರಿದ್ದು ಗೋಲು ಹೊಡೆಯಲು. ಬಾವ ನನ್ನ ಎರಡು ಓಟ ನೋಡಿ "ನೀನು ಲೆಫ್ಟ್ ಬ್ಯಾಕ್. ಸಿ" ಎಂದರು.

"ಸಿ ಅಂದರೆ?"

"ಎ ಡ್ಯೂಟಿಗೆ ಹೋದರೆ ಬಿ. ಬಿಗೂ ಡ್ಯೂಟಿ ಬಿದ್ದರೆ ನೀನು."

"ಬಾವ, ನನಗೆ ಶುಕ್ರವಾರ ಯಾವಾಗಲೂ ರಜೆ. ನಾನೇ ಎ ಆಗಬೇಕಲ್ವಾ?"

"ನಿನಗೆ ರಜೆ ಉಂಟು, ಕಾಲಿಲ್ಲ."

ಎಲ್ಲರೂ ಬಿದ್ದು ನಕ್ಕರು. ಇರ್ಫಾನ್‌ಗೆ ಅರ್ಥವಾಗಿರಲಿಲ್ಲ, ಶಿಬು ಹಿಂದಿಯಲ್ಲಿ ಹೇಳಿದ, ಅವನು ತಡವಾಗಿ ಒಬ್ಬನೇ ನಕ್ಕ. ನನಗೆ ಅದೇ ಹೆಚ್ಚು ಸಿಟ್ಟು ಬಂತು.

ಆದರೆ ಅವರ ಪದ್ಧತಿ ಅದೇ. ಎದುರು ಆಡಲು ಬರುತ್ತಿದ್ದ ಕಾಲೇಜುಗಳ ಹುಡುಗರು ಹಗಲು ಓದುವವರು, ಅವರ ಹನ್ನೊಂದು ಮಂದಿ ಯಾವಾಗಲೂ ಅದೇ ಹನ್ನೊಂದು. ನಮ್ಮದು ಹಾಗಲ್ಲ. ಈ ವಾರ ಬೆಳಗಿನ ಶಿಫ್ಟ್‌ನವನು ಮುಂದಿನ ವಾರ ರಾತ್ರಿಯವನು. ಆದ್ದರಿಂದ ಬಾವ ಹಿಂದಿನ ಸಾಲಿನ ಒಂದೊಂದು ಜಾಗಕ್ಕೆ ಮೂವರನ್ನು ಇಟ್ಟರು. ಕ್ರೀಡಾ ಸರ್ ಹೌಹಾರಿದರು. "ಹನ್ನೆರಡು ಡಿಫೆಂಡರ್‌ಗಳಾ? ನೀವು ಫುಟ್‌ಬಾಲ್ ಆಡುತ್ತೀರೋ, ಕೋಟೆ ಕಟ್ಟುತ್ತೀರೋ?" ಬಾವ, "ಸರ್, ಗೋಲು ಹೊಡೆಯುವವನು ಬರದಿದ್ದರೆ ಗೋಲಿಲ್ಲ ಅಷ್ಟೆ. ಇಲ್ಲಿ ನಿಲ್ಲುವವನು ಬರದಿದ್ದರೆ ಮರ್ಯಾದೆ ಇಲ್ಲ" ಎಂದರು.

ಮೂವರನ್ನು ಇಟ್ಟರೆ ಸಾಲದು. ಎ ಆದವನು ತನಗೆ ಗೊತ್ತಿದ್ದದ್ದನ್ನೆಲ್ಲ ಬಿಗೆ ಕಲಿಸಬೇಕು, ಬಿ ಸಿಗೆ. ಮುಚ್ಚಿಟ್ಟರೆ ಬಾವನಿಗೆ ಸಿಟ್ಟು ಬರುತ್ತಿತ್ತು, ಅವರಿಗೆ ಸಿಟ್ಟು ಬರುತ್ತಿದ್ದದ್ದೇ ಆ ಒಂದು ವಿಷಯಕ್ಕೆ. ಮೈದಾನದಿಂದ ಹೊರಗೆ ಬರುವವನು ಒಳಗೆ ಹೋಗುವವನ ಹೆಗಲ ಮೇಲೆ ಕೈಯಿಟ್ಟು ಮೂರು ಸಂಗತಿ ಹೇಳಿಯೇ ಹೋಗಬೇಕು. ಅವರೇ ಹೇಳುವಾಗ ಹೀಗಿರುತ್ತಿತ್ತು: "ಆ ಒಂಬತ್ತನೇ ನಂಬರಿನವನು ಎಡಗಾಲಿನವನು. ತಳ್ಳಿದರೆ ಬೇಗ ಬೀಳ್ತಾನೆ, ಮುಟ್ಟಬೇಡ. ನೀರು ಕುಡಿದೆಯಾ?" ಮೂರನೆಯದು ಯಾವಾಗಲೂ ನೀರೇ.

ಬೆಂಚಿನ ಮೇಲೆ ಕೂರಲು ಬಿಡುತ್ತಿರಲಿಲ್ಲ. ಬಿಗಳೂ ಸಿಗಳೂ ನಮ್ಮದೇ ಗೋಲಿನ ಹಿಂದೆ, ಬಲೆಯಾಚೆ ಸಾಲಾಗಿ ನಿಂತು ಆಟ ನೋಡಬೇಕು. ಆಗಸ್ಟ್ ತಿಂಗಳ ಸೆಕೆಯಲ್ಲಿ ಸುಮ್ಮನೆ ನಿಂತರೂ ಮೊಣಕೈಯಿಂದ ಬೆವರು ತೊಟ್ಟಿಕ್ಕುತ್ತದೆ. "ಕೂತವನಿಗೆ ಚೆಂಡು ಮಾತ್ರ ಕಾಣೋದು" ಎನ್ನುತ್ತಿದ್ದರು. ನಾನು ಮೊದಲ ವರ್ಷವಿಡೀ ಹಾಗೆ ನಿಂತೆ. ನಿಂತು ನಿಂತೇ ಎಲ್ಲಿ ಯಾವಾಗ ನಿಲ್ಲಬೇಕೆಂದು ಕಲಿತೆ.

ಕೂಗುವ ಭಾಷೆ ತುಳು. ಅದು ಅವರ ಉಪಾಯ. ಎದುರಿನವರಿಗೆ ಇಂಗ್ಲಿಷ್ ಗೊತ್ತು, ಹಿಂದಿ ಗೊತ್ತು, ಅರಬ್ಬಿ ಬಿಡಿ, ಅವರದ್ದೇ. ತುಳು ಯಾರಿಗೆ ಗೊತ್ತು? ಹಿಂದೆ ಬಾ ಎನ್ನಲು 'ಪಿರ ಬಲ'. ಮುಂದಿನವನು ಚೆಂಡಿಗೆ ಹೋಗುವಾಗ ಅವನ ಹಿಂದಿನವನು 'ಯಾನ್ ಉಲ್ಲೆ' ಎಂದು ಕೂಗಬೇಕು, ಅಂದರೆ ನಾನಿದ್ದೇನೆ. ಅದು ಕಿವಿಗೆ ಬೀಳದೆ ಯಾರೂ ಜಾಗ ಬಿಟ್ಟು ಮುಂದೆ ಹೋಗುವಂತಿಲ್ಲ. ಪೇಶಾವರದ ಇರ್ಫಾನ್ ಕುತ್ತಿಗೆ ನರ ಉಬ್ಬಿಸಿಕೊಂಡು "ಯಾನುಲ್ಲೇ!" ಎಂದು ಕೂಗುವುದನ್ನು ನಮ್ಮೂರಿನವರು ಯಾರಾದರೂ ಕೇಳಬೇಕಿತ್ತು.

ಓದಿನಲ್ಲಿ ಬಾವ ಚುರುಕಲ್ಲ. ಸುಳ್ಳು ಹೇಳಿ ಅವರನ್ನು ದೊಡ್ಡವರನ್ನಾಗಿ ಮಾಡುವ ಅಗತ್ಯ ನನಗಿಲ್ಲ. ಮ್ಯಾನೇಜ್‌ಮೆಂಟಿನ ಪಾಠಗಳನ್ನು ಹೇಗೋ ಬಾಯಿಪಾಠ ಹೊಡೆದು ದಾಟುತ್ತಿದ್ದರು, ಸಂಖ್ಯಾಶಾಸ್ತ್ರ ಬಂದರೆ ಮುಖ ಒಣಗುತ್ತಿತ್ತು. ಸಿತ್ರಾಕ್ಕೆ ಹೋಗುವ ಕಂಪನಿ ಬಸ್ಸಿನಿಂದ ನನಗೆ ಫೋನ್ ಮಾಡುತ್ತಿದ್ದರು. "ಸರಾಸರಿ ಗೊತ್ತಾಯ್ತು ಮಾರಾಯ. ಆದರೆ ಸರಾಸರಿಯಿಂದ ಯಾರು ಎಷ್ಟು ದೂರ ಹೋಗಿದ್ದಾರೆ ಅಂತ ಲೆಕ್ಕ ಯಾಕೆ? ದೂರ ಹೋದವರು ಹೋದರು, ಬಿಡ್ಬೇಕಪ್ಪ." ನಾನು ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದೆ.

ಅಣ್ಣನ ಲಾಂಡ್ರಿಯಲ್ಲಿ ಅವರಿಗೆ ಬೇರೆಯೇ ಸ್ವಾಗತ. "ಬಾ ಪದವೀಧರಾ, ಬಾ. ಕುರ್ಚಿ ಒರೆಸ್ಲಾ?" ಬಾವ ನೇರ ಒಳಗೆ ಹೋಗಿ, ಒಗೆದ ಬಟ್ಟೆಗಳ ಬಿಸಿ ರಾಶಿಯ ಪಕ್ಕ ಕೂತು ಪುಸ್ತಕ ತೆಗೆಯುತ್ತಿದ್ದರು. ಅಣ್ಣ ಬೈಯುತ್ತಲೇ ಅವರ ತಲೆಯ ಮೇಲಿನ ಟ್ಯೂಬ್‌ಲೈಟ್ ಹಾಕುತ್ತಿದ್ದರು. ಖುಬ್ಬೂಸ್ ರೊಟ್ಟಿ, ಮಾವಿನ ಉಪ್ಪಿನಕಾಯಿ ಮುಂದೆ ಬರುತ್ತಿತ್ತು. "ತಿನ್ನು. ಫೇಲಾಗ್ಲಿಕ್ಕೂ ಶಕ್ತಿ ಬೇಕು."

ಬಾವನ ಇಡೀ ಓದು ನಿಂತಿದ್ದದ್ದು ರಂಜಾನಿನ ಮೇಲೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅವರ ಕಾರ್ಖಾನೆಯಲ್ಲಿ ಒಂದು ರೂಢಿಯಿತ್ತು, ಯಾರು ಶುರುಮಾಡಿದರೋ ಗೊತ್ತಿಲ್ಲ. ರಂಜಾನ್ ತಿಂಗಳಲ್ಲಿ ಸಂಜೆಯ ಶಿಫ್ಟಿಗೆ ಬಿದ್ದ ಮುಸ್ಲಿಂ ಸಂಗಾತಿಗಳಿಗೆ ಇಫ್ತಾರ್ ಹೊತ್ತಿಗೆ ಮನೆಯಲ್ಲೋ ರೂಮಿನಲ್ಲೋ ನಾಲ್ಕು ಜನರ ಜೊತೆ ಕೂತು ಉಪವಾಸ ಬಿಡುವ ಆಸೆ. ನಮ್ಮವರು ಆ ಶಿಫ್ಟನ್ನು ಬದಲಿಗೆ ತೆಗೆದುಕೊಳ್ಳುತ್ತಿದ್ದರು. ಈದ್ ಕಳೆದ ಮೇಲೆ, ಯಾವಾಗ ಕೇಳಿದರೂ, ಯಾಕೆಂದು ಕೇಳದೆ ಅವರು ಅದನ್ನು ತೀರಿಸಬೇಕು. ಬಾವ ತಿಂಗಳಿಡೀ ಯಾರ್‍ಯಾರದೋ ಸಂಜೆಯ ಶಿಫ್ಟ್ ಮಾಡುತ್ತಿದ್ದರು. ಆ ತಿಂಗಳು ಅವರಿಗೆ ಕ್ಲಾಸಿಲ್ಲ, ಪಾಠವೆಲ್ಲ ನನ್ನ ಫೋನಿನಿಂದ. ಪರೀಕ್ಷೆ ಬಂದಾಗ ಆ ಶಿಫ್ಟುಗಳೆಲ್ಲ ಒಂದೊಂದಾಗಿ ಅವರಿಗೆ ವಾಪಸ್ ಬರುತ್ತಿದ್ದವು. ಎಲ್ಲ ಪರೀಕ್ಷೆಗಳನ್ನೂ ಅವರು ಹಾಗೆಯೇ ಬರೆದದ್ದು.

ಕೊನೆಯ ವರ್ಷ ಹಾಗಾಗಲಿಲ್ಲ.

ಆ ವರ್ಷ ನಮ್ಮ ತಂಡ ಸೆಮಿಫೈನಲ್‌ಗೆ ಬಂತು. ಇರ್ಫಾನ್, ಶಿಬು, ಮತ್ತೊಬ್ಬ, ಮೂವರೂ ಬಾವನ ಕಾರ್ಖಾನೆಯವರೇ, ಮೂವರಿಗೂ ಮ್ಯಾಚಿನ ದಿನವೋ ಪರೀಕ್ಷೆಯ ದಿನವೋ ಡ್ಯೂಟಿ ಬಿತ್ತು. ಬಾವ ತಮಗೆ ಬರಬೇಕಾದ ಶಿಫ್ಟುಗಳನ್ನು ಇವರಿಗೆ ದಾಟಿಸಿದರು. "ನನ್ನ ಹೆಸರಿಗೆ ಇದ್ದದ್ದು ಇವನಿಗೆ ಮಾಡಿಕೊಡು" ಎಂದರೆ ಯಾರೂ ಇಲ್ಲವೆನ್ನುತ್ತಿರಲಿಲ್ಲ. ಸೆಮಿಫೈನಲ್ ಗೆದ್ದೆವು, ಫೈನಲ್ ಸೋತೆವು, ಆದರೆ ಇವರ ಪರೀಕ್ಷೆಗಳೆಲ್ಲ ಆದವು. ಬಾವನಿಗೆ ಉಳಿದದ್ದು ಕೊನೆಯ ಪೇಪರು, ಅದೇ ಸಂಖ್ಯಾಶಾಸ್ತ್ರ. ಅದಕ್ಕೆಂದು ಬಾಂಗ್ಲಾದೇಶದ ಸಿಲ್ಹೆಟ್‌ನ ಜಲಾಲ್ ಎಂಬವನು ತೀರಿಸಬೇಕಾಗಿದ್ದ ಒಂದು ಶಿಫ್ಟನ್ನು ಅವರು ಮುಟ್ಟದೆ ಇಟ್ಟುಕೊಂಡಿದ್ದರು.

ಪರೀಕ್ಷೆಯ ಹಿಂದಿನ ದಿನ ಜಲಾಲ್‌ನ ತಂದೆ ತೀರಿಕೊಂಡರು. ಅವನು ಸಿಕ್ಕಿದ ವಿಮಾನ ಹತ್ತಿ ಊರಿಗೆ ಹೋದ. ಅವನನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟು ಬಂದದ್ದೂ ಬಾವನೇ. ಶಿಫ್ಟಿನ ಮಾತು ಬಾಯಿಗೇ ಬರಲಿಲ್ಲವಂತೆ. ಬೆಳಿಗ್ಗೆ ಸೂಪರ್‌ವೈಸರ್‌ನನ್ನು ಕೇಳಿದರು. ಅವನು, "ನಿನ್ನ ಬದಲಿಗೆ ಯಾರು? ಹೆಸರು ಹೇಳು, ಹೋಗು" ಎಂದ. ಹೇಳಲು ಹೆಸರಿರಲಿಲ್ಲ. ಅವತ್ತು ಆ ಶಿಫ್ಟಿಗೆ ಬಿಡುವಿದ್ದವರು ಒಬ್ಬರೂ ಇರಲಿಲ್ಲ.

ನಾನು ಪರೀಕ್ಷೆಯ ಹಾಲಿನಲ್ಲಿದ್ದೆ. ನನ್ನ ಮುಂದಿನ ಕುರ್ಚಿ ಅವರದ್ದು. ಮೇಜಿನ ಮೇಲೆ ಅವರ ಪ್ರಶ್ನೆಪತ್ರಿಕೆ ಮಗುಚಿ ಇಟ್ಟಿತ್ತು. ಎ.ಸಿ.ಯ ಗಾಳಿಗೆ ಅದರ ಮೂಲೆ ಏಳುವುದು, ಬೀಳುವುದು. ಕೊನೆಗೆ ಮೇಡಂ ಬಂದು ಅದನ್ನು ಎತ್ತಿಕೊಂಡು ಹೋದರು.

ಸಂಜೆ ಬಾವ ಮೈದಾನಕ್ಕೆ ಬಂದರು, ಕಾರ್ಖಾನೆಯ ಬಟ್ಟೆಯಲ್ಲೇ. ಇರ್ಫಾನ್ ತಲೆತಗ್ಗಿಸಿ ಬೂಟಿನ ದಾರ ಕಟ್ಟುವುದು ಬಿಚ್ಚುವುದು ಮಾಡುತ್ತಿದ್ದ. ಬಾವನೇ ಹೇಳಿದರು: "ಎಲ್ಲರ ಹಿಂದೆ ಇಬ್ಬಿಬ್ಬರನ್ನು ನಿಲ್ಲಿಸಿದೆ ಮಾರಾಯ. ನನ್ನ ಹಿಂದೆ ತಿರುಗಿ ನೋಡ್ಲೇ ಇಲ್ಲ." ಹೇಳಿ ಎಂದಿನಂತೆ ನಕ್ಕರು. ಆಮೇಲೆ ಮಗಳ ಫೋನು ಬಂತು. ಸ್ಪೀಕರ್ ಹಾಕಿದ್ದರು, ನಮಗೆಲ್ಲ ಕೇಳಿತು. "ಪಪ್ಪಾ, ಎಕ್ಸಾಮ್ ಹೇಗಾಯ್ತು? ಎಂಥದು, ಆಬ್ಸೆಂಟಾ? ನಾನು ಆಬ್ಸೆಂಟ್ ಆದರೆ ಬೈತೀರಿ, ನೀವೇ ಆಬ್ಸೆಂಟಾ?" ಬಾವ ಸ್ಪೀಕರ್ ಬಂದ್ ಮಾಡಿ, ಫೋನ್ ಕಿವಿಗಿಟ್ಟುಕೊಂಡು ಮೈದಾನದ ಆಚೆ ತುದಿಗೆ ಹೋದರು. ಅವತ್ತು ಅವರು ಮುಂದಕ್ಕೆ ನಡೆದು ಹೋದರು, ನಮಗೆ ಬೆನ್ನು ಹಾಕಿ. ನಾನು ಅವರ ಬೆನ್ನನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು.

ಮರುಪರೀಕ್ಷೆ ಮುಂದಿನ ಸೆಮಿಸ್ಟರಿನಲ್ಲಿ. ಅದರ ದಿನ ಬಾವನ ಶಿಫ್ಟಿಗೆ ಒಬ್ಬ ಎ, ಒಬ್ಬ ಬಿ, ಒಬ್ಬ ಸಿ ಎಂದು ನಾವೇ ಗೊತ್ತುಮಾಡಿದೆವು. ಇರ್ಫಾನ್ ಎ. ಅವನಿಗೆ ಜ್ವರ ಬಂದರೆ ಶಿಬು. ಅವನೂ ಕೈಕೊಟ್ಟರೆ ಊರಿನಿಂದ ಮರಳಿದ್ದ ಜಲಾಲ್. ಆದದ್ದೇನೆಂದರೆ, ಒಬ್ಬನ ಮೇಲೆ ಒಬ್ಬನಿಗೆ ನಂಬಿಕೆಯಿಲ್ಲದೆ ಮೂವರೂ ಗೇಟಿನಲ್ಲಿ ಹಾಜರು. ಸೂಪರ್‌ವೈಸರ್ ಮೂವರ ಮುಖ ನೋಡಿ, "ಒಬ್ಬ ಆಪರೇಟರಿಗೆ ಮೂರು ಜನ? ಏನು, ಇವನಿಗೆ ಮದುವೆಯಾ?" ಎಂದನಂತೆ. ಜಲಾಲ್, "ಪರೀಕ್ಷೆ ಸಾಬ್, ಅದು ಮದುವೆಗಿಂತ ಕಷ್ಟ" ಎಂದ. ಆಚೆ ನಾನು ಕಾಲೇಜಿನ ಬಾಗಿಲಲ್ಲಿ ಕಾದೆ. ಬಾವ ಹೊರಗೆ ಬಂದು, ನೀರು ಕುಡಿದು, ಬಾಯಿ ಒರೆಸಿಕೊಂಡು, "ಬರೆದೆ. ಪಾಸಾಗುವಷ್ಟು ಬರೆದೆ. ಮೇಲೆ ಒಂದು ಮಾರ್ಕೂ ಇಲ್ಲ" ಎಂದರು.

ಆಮೇಲಿನ ವಾರಗಳಲ್ಲಿ ಅವರು ಮನೆ ನೋಡತೊಡಗಿದರು. ಬಾಡಿಗೆಗೆ ಹಿಡಿಯಲು ಅಲ್ಲ, ಸುಮ್ಮನೆ ನೋಡಲು. ಹೂರಾದಲ್ಲಿ ಒಂದು ಕೋಣೆ, ಅಡಿಗೆಮನೆ, ಮೂರನೆಯ ಮಾಳಿಗೆ. ನನ್ನನ್ನೂ ಕರೆದುಕೊಂಡು ಹೋದರು. ಕಿಟಕಿ ತೆರೆದು ಕೆಳಗೆ ಇಣುಕಿ, "ಸ್ಕೂಲ್ ಬಸ್ಸು ಇಲ್ಲಿ ತಿರುಗ್ತದಾ?" ಎಂದು ಮನೆ ತೋರಿಸಲು ಬಂದವನನ್ನು ಕೇಳಿದರು. ಅವನು ತಿರುಗುತ್ತದೆ ಎಂದ. ಬಾವ ಕಿಟಕಿ ಮುಚ್ಚಲಿಲ್ಲ, ಬಹಳ ಹೊತ್ತು ಅಲ್ಲೇ ನಿಂತರು.

ಫಲಿತಾಂಶ ಕಂಪ್ಯೂಟರಿನಲ್ಲಿ ಬರುತ್ತದೆ. ಬಾವ ತಮ್ಮ ಪಾಸ್‌ವರ್ಡ್ ನನಗೆ ಕೊಟ್ಟಿದ್ದರು. "ನೀನೇ ನೋಡು. ಒಂಬತ್ತನೇ ನಂಬರಿನವನಿಗೆಲ್ಲ ಹೆದರದವನು ನಾನು, ಇದಕ್ಕೆ ಧೈರ್ಯ ಇಲ್ಲ." ಆ ದಿನ ಮಧ್ಯಾಹ್ನ ಗೋದಾಮಿನಲ್ಲಿ ಊಟದ ಹೊತ್ತು, ನಾನು ತೆರೆದು ನೋಡಿದೆ. ಪಾಸು. ಮತ್ತೊಮ್ಮೆ ನೋಡಿದೆ. ಪಾಸು. ಡಬ್ಬಗಳ ನಡುವೆ ನಿಂತು ಒಬ್ಬನೇ ಕೂಗಿಬಿಟ್ಟೆ.

ಫೋನ್ ಮಾಡಿದರೆ ಎತ್ತಿದವನು ಅವರ ರೂಮಿನ ಇರ್ಫಾನ್. ಪಿಸುದನಿ. "ಸೋ ರಹೇ ಹೈಂ ಭಾಯ್. ನೈಟ್ ಕರ್‌ಕೆ ಆಯೇ ಹೈಂ." ಮಲಗಿದ್ದಾರೆ, ರಾತ್ರಿ ಶಿಫ್ಟ್ ಮುಗಿಸಿ ಬಂದವರು. ಶಿಫ್ಟ್ ಕೆಲಸದವರ ರೂಮಿನಲ್ಲಿ ಎಲ್ಲಕ್ಕಿಂತ ದೊಡ್ಡ ಕಾನೂನು ಅದು. ರಾತ್ರಿ ದುಡಿದು ಮಲಗಿದವನನ್ನು ಯಾರೂ ಎಬ್ಬಿಸುವುದಿಲ್ಲ. ನಾನೂ ಪಿಸುದನಿಯಲ್ಲೇ ಹೇಳಿದೆ, "ಎದ್ದ ಕೂಡಲೇ ನನಗೆ ಫೋನ್ ಮಾಡಿಸು. ಯಾಕಂತ ಹೇಳಬೇಡ. ನಾನೇ ಹೇಳಬೇಕು."

ಕೆಲಸ ಬಿಟ್ಟು ನೇರ ಹೂರಾಕ್ಕೆ ಹೋದೆ. ಬಾವನಿಗೆ ಹೇಳುವ ಮೊದಲು ಅಣ್ಣನಿಗೆ ಹೇಳಿದ್ದು ತಪ್ಪೇನೂ ಅಲ್ಲ, ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗಲಿಲ್ಲ. ಅಣ್ಣ ಇಸ್ತ್ರಿ ನಿಲ್ಲಿಸಿದರು. "ನಂಬರ್ ಸರಿಯಾಗಿ ನೋಡಿದೆಯಾ? ಬೇರೆ ಯಾರದ್ದೋ ಇರಬೇಕು." ಫೋನಿನಲ್ಲಿ ತೋರಿಸಿದೆ. ಅವರು ನೋಡಿದರು, ಕನ್ನಡಕ ತೆಗೆದು ಮತ್ತೆ ಹಾಕಿಕೊಂಡು ನೋಡಿದರು. ಆಮೇಲೆ ಬೀದಿಗೆ ಹೋಗಿ, ಪಕ್ಕದ ಕೋಲ್ಡ್ ಸ್ಟೋರ್ ಎಂಬ ಕಿರಾಣಿ ಅಂಗಡಿಯ ಮಲಯಾಳಿಯನ್ನು, ಎದುರಿನ ಕ್ಷೌರದವನನ್ನು, ದಾರಿಹೋಕ ಒಬ್ಬನನ್ನು ತಡೆದು, "ನನ್ನ ತಮ್ಮ ಗ್ರಾಜುಯೇಟ್" ಎಂದು ಹೇಳಿ ಬಂದರು. ಒಳಗೆ ಬಂದು ತಮ್ಮನದೊಂದು ಬಿಳಿ ಅಂಗಿ ಹುಡುಕಿ ತೆಗೆದು ಇಸ್ತ್ರಿಗೆ ಹಾಸಿದರು. "ರಾತ್ರಿ ಊಟಕ್ಕೆ ಇಲ್ಲಿಗೇ ಬರಲಿ. ಕೋಳಿ ತರುತ್ತೇನೆ. ಇನ್ನೂ ಏಳಲಿಲ್ಲವಾ ಆ ಸೋಮಾರಿ?"

ಸೂರ್ಯ ಮುಳುಗುವ ಹೊತ್ತಿನ ನಮಾಜಿಗೆ ಮಗ್ರಿಬ್‌ನ ಬಾಂಗ್ ಆಗುತ್ತಿತ್ತು. ಆಗ ಇರ್ಫಾನ್‌ನ ಫೋನು ಬಂತು.

ಅವನು ಹೇಳಿದ್ದು ನನಗೆ ಮೊದಲು ಅರ್ಥವಾಗಲಿಲ್ಲ, ಪಶ್ತೋ, ಉರ್ದು, ಅಳು ಎಲ್ಲ ಕಲಸಿಹೋಗಿತ್ತು. ಅರ್ಥವಾದಾಗ ನಾನು ಬಾಯಿ ತೆರೆಯಬೇಕಾಗಲಿಲ್ಲ. ಅಣ್ಣ ನನ್ನ ಮುಖವನ್ನೇ ನೋಡುತ್ತಿದ್ದರು. ಇಸ್ತ್ರಿಪೆಟ್ಟಿಗೆ ಎತ್ತಿಕೊಂಡು ಆ ಅಂಗಿಯ ಕಾಲರನ್ನು ಒತ್ತತೊಡಗಿದರು. ಒತ್ತಿದ ಕಾಲರನ್ನೇ ಮತ್ತೆ ಮತ್ತೆ ಒತ್ತುತ್ತಿದ್ದರು. ಬಟ್ಟೆ ಹಳದಿಯಾಗುವವರೆಗೆ ಒತ್ತಿದರು. ನಾನು ಹೋಗಿ ಸ್ವಿಚ್ ತೆಗೆದೆ.

ನಿದ್ದೆಯಲ್ಲೇ ಹೃದಯ ನಿಂತಿತ್ತು. ಬೆಳಿಗ್ಗೆಯೇ ಆಗಿರಬೇಕು ಎಂದರು ವೈದ್ಯರು, ಮಲಗಿದ ಸ್ವಲ್ಪ ಹೊತ್ತಿನಲ್ಲೇ. ನೋವು ಗೊತ್ತಾಗಿರಲಾರದು ಎಂದೂ ಹೇಳಿದರು. ಎಲ್ಲರಿಗೂ ಹಾಗೆಯೇ ಹೇಳುತ್ತಾರೋ ಏನೋ. ಇರ್ಫಾನ್ ಆಮೇಲೆ ನನಗೆ ಹೇಳಿದ್ದು ಇಷ್ಟು: ಅವರಿಗೆ ಎಚ್ಚರವಾಗಬಾರದೆಂದು ಅವನು ದಿನವಿಡೀ ಚಪ್ಪಲಿ ಕಳಚಿ ಓಡಾಡಿದ್ದ. ಕುಕ್ಕರ್ ಸೀಟಿ ಹಾಕುತ್ತದೆಂದು ಅನ್ನವನ್ನು ತೆರೆದ ಪಾತ್ರೆಯಲ್ಲಿ ಬೇಯಿಸಿದ್ದ. ಕಿಟಕಿಯ ಬಿಸಿಲು ಮುಖಕ್ಕೆ ಬಿದ್ದಾಗ ಒಂದು ಲುಂಗಿ ತಂದು ಕಿಟಕಿಗೆ ಕಟ್ಟಿದ್ದ. ನಾನು ಫೋನ್ ಮಾಡಿದಾಗ ಅವರ ಮಂಚದಿಂದ ಎರಡು ಹೆಜ್ಜೆ ದೂರ ನಿಂತು ಪಿಸುಗುಟ್ಟಿದ್ದ. ನಾವಿಬ್ಬರೂ ಎಷ್ಟು ಮೆತ್ತಗೆ ಮಾತಾಡಿದ್ದೆವು! ಒಂದು ಸಲ ಜೋರಾಗಿ, ಇರುವ ದನಿಯಲ್ಲೆಲ್ಲ, ಪಾಸಾದಿರಿ ಬಾವ ಎಂದು ಆ ರೂಮಿನಲ್ಲಿ ಕೂಗಬೇಕಿತ್ತು ಅನ್ನಿಸುತ್ತದೆ. ಕೂಗಿದರೂ ಕೇಳುತ್ತಿರಲಿಲ್ಲ, ಗೊತ್ತು. ಆದರೂ.

ಅವರನ್ನು ಊರಿಗೆ ಕಳಿಸಿದೆವು. ಕಾಗದಪತ್ರಕ್ಕೆಲ್ಲ ನಾವೇ ಓಡಾಡಿದೆವು, ಒಬ್ಬನಿಗೆ ಡ್ಯೂಟಿ ಬಂದರೆ ಇನ್ನೊಬ್ಬ, ಅವನಿಗೂ ಬಂದರೆ ಮತ್ತೊಬ್ಬ. ಚೆನ್ನಾಗಿ ತಯಾರಾದ ಸಾಲು ನಮ್ಮದು, ಎಲ್ಲಿಯೂ ತೂತು ಬೀಳಲಿಲ್ಲ. ಮುಂದಿನ ಶುಕ್ರವಾರ ಮ್ಯಾಚ್ ಇತ್ತು. ಆಡುವುದೋ ಬೇಡವೋ ಎಂದು ಕ್ರೀಡಾ ಸರ್ ಕೇಳಿದರು. ಆಡಿದೆವು. ಬಾವನ ಜಾಗದಲ್ಲಿ ಅವರು ತಯಾರು ಮಾಡಿದ ಬಿ ನಿಂತ, ಚೆನ್ನಾಗಿಯೇ ಆಡಿದ. ಅದೇ ಸಹಿಸಲಾಗಲಿಲ್ಲ. ಒಂದು ಗೋಲಾದರೂ ಬಿಟ್ಟಿದ್ದರೆ, ಅವರಿಲ್ಲದ್ದಕ್ಕೆ ಹೀಗಾಯಿತು ಎಂದುಕೊಳ್ಳಬಹುದಿತ್ತು. ಗೋಲೇ ಆಗಲಿಲ್ಲ. ಯಾವಾಗಲೂ ಎದುರು ತಂಡಕ್ಕೆ ಚಪ್ಪಾಳೆ ತಟ್ಟುತ್ತಿದ್ದ ಆ ಬಹ್ರೈನಿ ಹಿರಿಯರು ಅವತ್ತು ಇಡೀ ಆಟ ನಮ್ಮ ಗೋಲಿನ ಹಿಂದೆ, ಬಿಗಳ ಸಿಗಳ ಸಾಲಿನಲ್ಲಿ ನಿಂತಿದ್ದರು.

ಪದವಿ ಪ್ರದಾನ ವರ್ಷಕ್ಕೊಮ್ಮೆ. ಹಾಗಾಗಿ ನನ್ನದೂ ಅವರದ್ದೂ ಒಂದೇ ದಿನ. ನನ್ನ ಹೆಸರು ಕರೆದಾಗ ವೇದಿಕೆ ಹತ್ತಿದೆ, ಕಪ್ಪು ನಿಲುವಂಗಿ ತೊಟ್ಟು. ಅಮ್ಮ ಫೋನಿನಲ್ಲಿ ನೋಡುತ್ತಿದ್ದಳು. ಬೀಡಿ ಎಲೆಯ ಮೊರ ತೊಡೆಯ ಮೇಲೆ ಹಾಗೇ ಇತ್ತು, ಕೆಳಗಿಡಲು ಮರೆತಿದ್ದಳು. ನನ್ನ ವಂಶದ ಮೊದಲ ಪದವಿ ಪತ್ರ ನನ್ನ ಕೈಗೆ ಬಂತು. ಎದೆ ತುಂಬಿತು, ಸುಳ್ಳಲ್ಲ. ಕೆಳಗಿಳಿದು ಬರುವಷ್ಟರಲ್ಲಿ ಬಾವನ ಹೆಸರು ಕರೆದರು.

ಅಣ್ಣ ಎದ್ದರು. ಅವರ ಜೊತೆ ಮೆಟ್ಟಿಲಿನವರೆಗೆ ನಾನು ಹೋದೆ. ಇರ್ಫಾನ್ ಎರಡು ಕೈಯಲ್ಲಿ ಫೋನ್ ಎತ್ತಿ ಹಿಡಿದಿದ್ದ, ಆಚೆ ಬಾವನ ಹೆಂಡತಿ, ಮಗಳು. ಹುಡುಗಿ ಶಾಲೆಯ ಸಮವಸ್ತ್ರದಲ್ಲಿದ್ದಳು. ಹಾಲಿನಲ್ಲಿ ಹಿಂದಿನ ಸಾಲಿನ ಉಳಿದವರೆಲ್ಲ, ಬೇರೆ ಬೇರೆ ಕಡೆ ಕೂತಿದ್ದವರು, ಯಾರೂ ಹೇಳದೆ ಎದ್ದು ನಿಂತರು. ಅಣ್ಣ ಯಾರನ್ನೂ ನೋಡದೆ ನಡೆದು ಹೋಗಿ, ಕೊಟ್ಟವರಿಗೆ ಬಾಗಿ ನಮಸ್ಕರಿಸಿ, ಆ ನೀಲಿ ಫೈಲನ್ನು ಎರಡೂ ಕೈಯಲ್ಲಿ ತೆಗೆದುಕೊಂಡ ಹಾಗೆಯೇ ಕೆಳಗೆ ಬಂದರು. ಒಮ್ಮೆಯೂ ತೆರೆದು ನೋಡಲಿಲ್ಲ.

ವೇದಿಕೆಯ ಪಕ್ಕದ ಮೇಜಿನಲ್ಲಿ, ಪದವಿ ಪತ್ರ ಪಡೆದವರು ಸಹಿ ಹಾಕಿ ಹೋಗಬೇಕಿತ್ತು. ಅಲ್ಲಿ ಕೂತ ಹುಡುಗಿ ಪುಸ್ತಕವನ್ನು ಇವರ ಕಡೆ ತಿರುಗಿಸಿ ಪೆನ್ನು ಕೊಟ್ಟಳು. ಅಣ್ಣ ಫೈಲನ್ನು ಕಂಕುಳಿಗೆ ಒತ್ತಿಕೊಂಡು ಪೆನ್ನು ಹಿಡಿದರು. ಇಂಗ್ಲಿಷು, ಅರಬ್ಬಿ, ಗೆರೆಗಳು. ಕೈ ಅಲ್ಲೇ ನಿಂತಿತು. ಹಿಂದೆ ಸರದಿಯಲ್ಲಿದ್ದವರು ಕಾಯುತ್ತಿದ್ದರು. ಅವರು ತಲೆಯೆತ್ತಿ ನನ್ನ ಕಡೆ ನೋಡಿದರು.

"ಎಲ್ಲಿ ಹಾಕ್ಬೇಕು ಮಾರಾಯ? ನೀನು ಬೆರಳಿಟ್ಟು ತೋರಿಸು. ನನಗೆ ಇಷ್ಟು ವರ್ಷ ಅವನೇ ತೋರಿಸ್ತಿದ್ದದ್ದು."